ಮಾಸ್ತಮ್ಮನ ಕೈತುತ್ತು

ನನ್ನ ನಾದಿನಿ ಮಾಸ್ತಮ್ಮನನ್ನು ಹೊಗಳುವವರಿಗೆ ಕುಮಟೆಯಲ್ಲಿ ಇಂದಿಗೂ ಬರವಿಲ್ಲ. ಬಂದರಿನ ದಾರಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, "ನರ್ಸಮ್ಮನಾ? ದೇವರಂಥ ಹೆಂಗಸು" ಎನ್ನುತ್ತಾರೆ. ದೇವರಂಥ ಹೆಂಗಸಿನ ಜೊತೆ ಒಂದೇ ಸೂರಿನ ಕೆಳಗೆ ಬಾಳುವೆ ಮಾಡಿದ್ದರೆ ಅವರಿಗೂ ಗೊತ್ತಾಗುತ್ತಿತ್ತು. ಮಾಡಿದವಳು ನಾನು. ಅವಳ ಅಣ್ಣ ತಿಮ್ಮಪ್ಪ ನನ್ನ ಯಜಮಾನರು. ಬಂದರು ಕಚೇರಿಯಲ್ಲಿ ಪಟ್ಟೇವಾಲ, ಅಂದರೆ ಜವಾನ ಆಗಿದ್ದರು. ಮನೆಯಲ್ಲಿ ನಾವು ಮೂವರೇ. ನಮಗೆ ಮಕ್ಕಳಾಗಲಿಲ್ಲ, ಅವಳಿಗಂತೂ ಆಗುವ ಮಾತೇ ಇರಲಿಲ್ಲ.

ಹದಿನಾರಕ್ಕೆ ಅವಳನ್ನು ಹೊನ್ನಾವರದ ಕಡೆ ದೋಣಿಯವರ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಗಂಡ ದೋಣಿಯ ಸಮೇತ ಕಡಲು ಪಾಲಾದ. ಹೆಣವೂ ಸಿಕ್ಕಲಿಲ್ಲ. ತವರಿಗೆ ಬಂದು ಮೂಲೆ ಹಿಡಿದು ಕೂತವಳನ್ನು, ಊರಿಗೆ ಬಂದಿದ್ದ ಮಿಶನ್ನಿನ ಡಾಕ್ಟರಮ್ಮ ಒಬ್ಬರು ನೋಡಿ, ಘಟ್ಟದ ಮೇಲೆ ಕರೆದುಕೊಂಡು ಹೋಗಿ ನರ್ಸಿನ ಕೆಲಸ ಕಲಿಸಿದರು. ಹೋಗುವಾಗ ತಲೆ ತಗ್ಗಿಸಿಕೊಂಡು ಹೋದವಳು, ಬರುವಾಗ ಬಿಳಿ ಸೀರೆ, ಕರಿ ಬೂಟು, ಎಂಥ ಗಂಡಸನ್ನೂ ಗದರಿಸಿ ಕೂರಿಸುವ ಗಂಟಲು, ಇಷ್ಟನ್ನು ಸಂಪಾದಿಸಿಕೊಂಡು ಬಂದಳು. ಮೊದಲ ದಿನವೇ ನನ್ನ ಅಡುಗೆಮನೆಯ ನೀರಿನ ಕೊಡದ ಮೇಲೆ ಬಟ್ಟೆ ಮುಚ್ಚಿಲ್ಲ ಎಂದು ನನಗೇ ಪಾಠ ಹೇಳಿದಳು. ನಾನೂ ಬಿಟ್ಟವಳಲ್ಲ ಬಿಡಿ.

೧೯೪೪ರ ಮಳೆ ಬಿಡುತ್ತಿದ್ದಂತೆ ನಮ್ಮ ಸೀಮೆಯಿಂದ ದಂಡಿಗೆ ಹೋಗಿದ್ದವರು ಒಬ್ಬೊಬ್ಬರಾಗಿ ಹಿಂದಿರುಗತೊಡಗಿದರು. ಒಬ್ಬನ ಕಾಲು ಇಲ್ಲ, ಒಬ್ಬನ ಕಿವಿ ಇಲ್ಲ, ಒಬ್ಬನ ನಿದ್ದೆ ಇಲ್ಲ. ದೊಡ್ಡ ಮಿಲಿಟರಿ ಆಸ್ಪತ್ರೆಯವರು ಗಾಯ ಒಣಗಿತು ಎಂದು ಕಳಿಸಿಬಿಡುತ್ತಿದ್ದರು. ಮನೆಗೆ ಹೋಗಿ ಬದುಕುವಷ್ಟು ತ್ರಾಣ ಇವರಿಗೆ ಬಂದಿರುತ್ತಿರಲಿಲ್ಲ. ಊರಿನ ನಾಲ್ಕು ಮಂದಿ ವ್ಯಾಪಾರಸ್ಥರು ಸೇರಿ ಒಂದು ಹಳೆಯ ಹತ್ತಿ ವಖಾರಿಯನ್ನು ಗುಡಿಸಿ, ಹಾಸಿಗೆ ಹಾಕಿಸಿ, ಅಂಥವರಿಗೆ ಚೇತರಿಸಿಕೊಳ್ಳುವ ತನಕ ಇರುವುದಕ್ಕೆ ವ್ಯವಸ್ಥೆ ಮಾಡಿದರು. ಹತ್ತಿಯ ಕಾಲ ಎಂದೋ ಮುಗಿದಿದ್ದರೂ ಗಾಳಿ ಜೋರಾಗಿ ಬೀಸಿದರೆ ತೊಲೆಯ ಸಂದಿಯಿಂದ ಹಳೆಯ ಅರಳೆ ಉದುರಿ ರೋಗಿಗಳ ಗಂಜಿಯೊಳಗೆ ಬೀಳುತ್ತಿತ್ತು. ವಾರಕ್ಕೊಮ್ಮೆ ಡಾಕ್ಟರರು ಬರುವರು. ಮಿಕ್ಕ ದಿನವೆಲ್ಲ ಅದು ಮಾಸ್ತಮ್ಮನ ರಾಜ್ಯ.

ಅವಳ ಪ್ರೀತಿ ಎಂಥದ್ದು ಎಂದು ಹೇಳಿದರೆ ನೀವು ನಗುತ್ತೀರಿ. ಕಂಟ್ರೋಲಿನ ಕಾಲ, ಅಕ್ಕಿಗೆ ಸಾಲು, ಸೀಮೆಎಣ್ಣೆಗೆ ಸಾಲು. ಅಂಥದ್ದರಲ್ಲಿ ನನ್ನ ಯಜಮಾನರು ಬಂದರಿನಿಂದ ತಂದ ಬಂಗಡೆಯನ್ನು ನಾನು ತೊಳೆದು ಇಡುವುದೊಂದೇ ತಡ, ಅರ್ಧ ಮಾಯ. "ಅತ್ತಿಗೆ, ಲಿಂಗಪ್ಪನೋರಿಗೆ ಎಂತ ಉಂಡ್ರೂ ರುಚಿ ಹತ್ತೂದಿಲ್ಲಂತೆ. ಎರಡೇ ಎರಡು ತಕಂಡು ಹೋಗ್ತೆ." ಎರಡೇ ಎರಡು ಎಂದರೆ ಸೊಂಟದ ಬುಟ್ಟಿಯಲ್ಲಿ ಹತ್ತು ಇರುತ್ತಿದ್ದವು. ಲಿಂಗಪ್ಪ ಎಂದರೆ ಭಟ್ಕಳದ ಕಡೆಯ ಹವಾಲ್ದಾರ, ವಯಸ್ಸಾದವನು, ತೋಪಿನ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿ, ತಾನು ಕೇಳದ ಮಾತನ್ನೆಲ್ಲ ಎಲ್ಲರೂ ತನ್ನ ಮೇಲೆಯೇ ಆಡುತ್ತಿದ್ದಾರೆ ಎಂದು ತಿಳಿಯುವವನು. ಅವನ ಸಿಟ್ಟನ್ನೂ ಇವಳು ಮುದ್ದು ಮಾಡುತ್ತಿದ್ದಳು.

ಇನ್ನೊಬ್ಬ ಮಾದೇವ, ಹೊನ್ನಾವರದವನು. ಮೈಮೇಲೆ ಗೀರು ಗಾಯವಿಲ್ಲ. ಆದರೆ ಎಲ್ಲಿ ಧಡ್ ಎಂದರೂ ಮಂಚದ ಕೆಳಗೆ ನುಸುಳಿ ನಡುಗುವನು. ಅವನಿಗೋಸ್ಕರ ಇವಳು ವಖಾರಿಯ ಸುತ್ತಲಿನ ತೆಂಗಿನ ಮರಗಳ ಕಾಯನ್ನೆಲ್ಲ ಎಳೆಯದಾಗಿರುವಾಗಲೇ ಇಳಿಸಿಹಾಕಿದಳು. ನನ್ನ ಚಿಕ್ಕಪ್ಪನ ಮಗಳ ಮದುವೆ ಹತ್ತಿರದಲ್ಲೇ ನಡೆಯಿತು. ಮದುವೆ ಎಂದಮೇಲೆ ಗರ್ನಾಲು ಹೊಡೆಯದೆ ಇರುತ್ತಾರೆಯೇ? ಇವಳು ಮಾತ್ರ ನರ್ಸಿನ ವೇಷದಲ್ಲೇ ಚಪ್ಪರದೊಳಗೆ ಬಂದು, ಗರ್ನಾಲಿಗೆ ಮದ್ದು ತುಂಬುತ್ತಿದ್ದವನ ಕೈ ಹಿಡಿದುಕೊಂಡಳು. "ನೀವು ಬೇಕಾದ್ರೆ ಡೋಲು ಬಡೀರಿ, ತಲೆ ಬಡ್ಕಳಿ. ಇದೊಂದು ಹೊಡೀಬೇಡಿ, ಅಲ್ಲೊಂದು ಜೀವ ಹೋಗ್ತದೆ." ನನ್ನ ಕಡೆಯವರ ಮುಂದೆ ನನಗೆ ಮುಖ ಎತ್ತುವುದು ಕಷ್ಟವಾಯಿತು. ಆದರೆ ಗರ್ನಾಲು ಹೊಡೆಯಲಿಲ್ಲ ಅನ್ನಿ. ಅವಳಿಗೆ ಎದುರಾಡಿ ಗೆದ್ದವರಿಲ್ಲ.

ಅದೇ ವಖಾರಿಗೆ ೧೯೪೫ರ ಜನವರಿಯ ಚಳಿಯಲ್ಲಿ ದೇವು ಬಂದ.

ಹಿರೇಗುತ್ತಿಯ ಹುಡುಗ. ಹುಡುಗ ಎನ್ನುವುದು ನನ್ನ ಲೆಕ್ಕ. ಅವನಿಗೆ ಆಗಲೇ ಮದುವೆಯಾಗಿ ಹಾಲು ಕುಡಿಯುವ ಹೆಣ್ಣು ಕೂಸೊಂದಿತ್ತು. ಬರ್ಮಾ ಗಡಿಯಲ್ಲಿ ರಸ್ತೆ ಕಡಿಯುವ ಪಲ್ಟಣದಲ್ಲಿದ್ದವನು. ಬಂಡೆ ಸಿಡಿಸುವ ಮದ್ದು ಹೊತ್ತಿಗೆ ಮೊದಲೇ ಸಿಡಿದು ಬಲಗೈ ಮೊಣಕೈಯವರೆಗೆ ಹೋಗಿತ್ತು; ಪಕ್ಕೆಯ ಗಾಯವಿನ್ನೂ ಒಸರುತ್ತಿತ್ತು. ಇಷ್ಟಾದರೂ ಆಸಾಮಿಯ ಮುಖದಲ್ಲಿ ನಗೆ. ಪುಣೆಯ ಆಸ್ಪತ್ರೆಯಲ್ಲಿ ಒಬ್ಬಳು ಬಿಳಿ ನರ್ಸು ಅವನೆದುರು ಕುಕ್ಕರುಗಾಲಲ್ಲಿ ಕೂತು ಎಡಗೈಯ ಕೆಲಸವನ್ನೆಲ್ಲ ಕಲಿಸಿದ್ದಳಂತೆ. ಎಡಗೈ ಒಂದರಲ್ಲೇ ಅಂಗಿಯ ಗುಂಡಿ ಹಾಕುವನು, ಪಂಚೆ ಸುತ್ತುವನು, ಬೆಂಕಿಪೊಟ್ಟಣವನ್ನು ಮಂಡಿಯ ಸಂದಿಗೆ ಸಿಕ್ಕಿಸಿ ಬೀಡಿ ಹಚ್ಚುವನು. ಒಂದು ದಿನ ಮಾಸ್ತಮ್ಮನ ಜೊತೆ ಮೀನಿನ ಬುಟ್ಟಿ ಹಿಡಿದುಕೊಂಡು ಹೋಗಿದ್ದ ನನಗೂ ಮಾಡಿ ತೋರಿಸಿದ. "ಹ್ಯಾಂಗೆ ಅಕ್ಕಾ?" ಎಂದು ಕೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. "ಭೇಷ್ ಮಾರಾಯ, ನಮ್ಮ ಮನೆಯೋರಿಗೆ ಎರಡು ಕೈ ಇದ್ದೂ ಇಷ್ಟು ಬರೂದಿಲ್ಲ" ಎಂದೆ. ಎಲ್ಲರೂ ನಕ್ಕರು. ಮಾಸ್ತಮ್ಮನೂ ನಕ್ಕಳು.

ಊಟದ ಹೊತ್ತಿಗೆ ಎಲ್ಲ ತಲೆಕೆಳಗಾಯಿತು.

ವಖಾರಿಯ ಉದ್ದಕ್ಕೆ ಸಾಲಾಗಿ ಎಲೆ ಹಾಕುತ್ತಿದ್ದರು. ದೇವು ಲಿಂಗಪ್ಪನ ಪಕ್ಕ ಕೂತ. ಅನ್ನದ ಮೇಲೆ ಸಾರು ಬಿತ್ತು. ಅವನು ಚೆನ್ನಾಗಿ ತೊಳೆದ ಎಡಗೈಯನ್ನು ಎಲೆಗೆ ಹಾಕಿ ಕಲಸಿದ. ಲಿಂಗಪ್ಪ ಎತ್ತಿದ ತುತ್ತನ್ನು ಎಲೆಗೆ ಬಿಟ್ಟ.

"ಏ ತಮ್ಮಾ, ಆ ಕೈ ತೆಗಿ. ಮಗ್ಗುಲಲ್ಲಿ ಕೂತು ನಾವು ಉಣ್ಣೂದು ಬೇಡ್ವಾ?"

ಕಿವಿ ಕೇಳದವನ ಮಾತು, ಬೀದಿಯ ತನಕ ಕೇಳಿಸಿತು. ಸಾಲಿನಲ್ಲಿ ಒಬ್ಬರೂ ದೇವುವಿನ ಪರವಾಗಿ ತುಟಿ ಬಿಚ್ಚಲಿಲ್ಲ. ಪಲ್ಟಣದಲ್ಲಿ ಏನೇನೋ ನೋಡಿ, ಏನೇನೋ ತಿಂದು ಬಂದವರು. ಊರಿನ ನೆಲದ ಮೇಲೆ ಎಲೆ ಹಾಕಿದ ಕೂಡಲೇ ಎಲ್ಲರೂ ಮತ್ತೆ ಊರಿನವರೇ ಆಗಿಬಿಟ್ಟಿದ್ದರು. ದೇವುವಿನ ಮುಖ ಕಪ್ಪಿಟ್ಟಿತು. ಎಲೆ ಬಿಟ್ಟು ಎದ್ದು ಬಾವಿಕಟ್ಟೆಯ ಕಡೆಗೆ ನಡೆದ.

ಆಗ ಮಾಸ್ತಮ್ಮ ಮಾಡಿದ್ದನ್ನು ಕುಮಟೆಯವರು ಇಂದಿಗೂ ಕೊಂಡಾಡುತ್ತಾರೆ. ಲಿಂಗಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ದೇವುವಿನ ಎಲೆ ತೆಗೆಸಿ ಬೇರೆ ಎಲೆಯಲ್ಲಿ ಬಡಿಸಿಕೊಂಡು, ಬಾವಿಕಟ್ಟೆಗೆ ಹೋಗಿ, ಅವನೆದುರು ಕೂತು, ತನ್ನ ಬಲಗೈಯಿಂದ ಕಲಸಿ ತುತ್ತು ಮಾಡಿ ಅವನ ಬಾಯಿಗೆ ಇಟ್ಟಳು. "ನಾನಿಲ್ವಾ? ನನ್ನ ಕೈ ಇದ್ದಾಗ ನಿಂಗೆಂತಕ್ಕೆ ಆ ಕೈ? ಬಾಯಿ ತೆರಿ." ಅವನು ಅಳುತ್ತ ಬಾಯಿ ತೆರೆದ. ಆ ದಿನ ನನಗೂ ಕಣ್ಣೀರು ಬಂತು, ಯಾಕೆ ಸುಳ್ಳು ಹೇಳಲಿ.

ಒಂದು ದಿನದ ಮಾತಾಗಿದ್ದರೆ ಚಂದವಿತ್ತು. ಅದೇ ಪದ್ಧತಿಯಾಯಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಗಂಜಿ, ಎಲ್ಲವೂ ಅವಳ ಕೈಯಿಂದ. ಬೇರೆಯವರಿಗೆ ಬಡಿಸಿ ಆದಮೇಲೆ ಅವನ ಪಾಳಿ. ಅಷ್ಟು ಹೊತ್ತು ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂಸಿನ ಹಾಗೆ ಕಾಯುತ್ತ ಕೂತಿರುತ್ತಿದ್ದ. ಮುಳ್ಳು ತೆಗೆದ ಮೀನು, ಹದವಾಗಿ ಕಲಸಿದ ಅನ್ನ, ನಡುನಡುವೆ ನೀರು. ಅವಳ ಮುಖ ನೋಡಬೇಕಿತ್ತು ಆಗ. ನಾನು ಅವಳನ್ನು ಅಷ್ಟು ಸುಖವಾಗಿ ಇನ್ನೆಂದೂ ನೋಡಿಲ್ಲ.

ಊರು ಸುಮ್ಮನಿರುತ್ತದೆಯೇ? ಗಂಡ ಸತ್ತವಳು ಪರಗಂಡಸಿಗೆ ದಿನಾ ತುತ್ತು ಕೊಡುತ್ತಾಳೆ ಎಂದು ನೀರಿನ ಬಾವಿಯ ಹತ್ತಿರ ಗುಸುಗುಸು ಎದ್ದಿತು. ನನ್ನ ಯಜಮಾನರಿಗೆ ಕಚೇರಿಯಲ್ಲಿ ಯಾರೋ ಏನೋ ಅಂದರಂತೆ, ಮನೆಗೆ ಬಂದು ಹಾರಾಡಿದರು. ನಾನೂ ಹೇಳಿದೆ, "ಮಾಸ್ತಮ್ಮ, ಸಾಕು ಬಿಡು, ನಾಲ್ಕು ಜನ ಆಡ್ಕಳ್ಳೂ ಹಂಗೆ ಮಾಡ್ಬೇಡ." ಅವಳು ಮೂಗಿನ ತುದಿಗೆ ಸಿಟ್ಟು ತಂದುಕೊಂಡು, "ಆಡ್ಕಳ್ಳೋರ ಬಾಯಿಗೆ ನಾನೇನು ಹೊಲಿಗೆ ಹಾಕೂದಾ? ಅಂವ ನಂಗೆ ತಮ್ಮ ಇದ್ದ ಹಂಗೆ" ಎಂದಳು. ಮಾನ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಅವಳ ಹಟ ಮತ್ತೂ ಗಟ್ಟಿಯಾಯಿತು. ನಿಲ್ಲಿಸಿದರೆ ಊರಿನವರ ಮಾತು ಒಪ್ಪಿಕೊಂಡ ಹಾಗೆ ಅಲ್ಲವೇ? ಆ ಗದ್ದಲದಲ್ಲಿ ಡಾಕ್ಟರರು ಒಂದು ಸಲ "ನರ್ಸಬಾಯಿ, ಆ ಮನುಷ್ಯನ ಎಡಗೈ ಚೆನ್ನಾಗಿದೆಯಲ್ಲ, ಉಪಯೋಗಿಸಲಿ ಬಿಡಿ" ಎಂದದ್ದನ್ನೂ ಅವಳು ಅದೇ ಗುಸುಗುಸುವಿನ ಲೆಕ್ಕಕ್ಕೆ ಸೇರಿಸಿಬಿಟ್ಟಳು.

ಒಂದು ಸಲ ಅವಳಿಗೆ ಚಳಿಜ್ವರ ಬಂತು. ಹಾಸಿಗೆಯಲ್ಲಿ ಮಲಗಿಯೂ ದೇವುವಿನದೇ ಜಪ. ಅಂವ ಉಂಡನಾ, ಯಾರು ಉಣಿಸಿದರು. ಮೈ ಬೆವರು ಬಿಟ್ಟದ್ದೇ ತಡ, ಎದ್ದು ಹೊರಟಳು. ಬಿದ್ದು ಗಿದ್ದಾಳು ಎಂದು ನಾನೂ ಜೊತೆಗೆ ಹೋದೆ. ವಖಾರಿಯ ಸಾಲಿನಲ್ಲಿ ದೇವು ಇರಲಿಲ್ಲ. ಹುಡುಕಿದರೆ ಹಿತ್ತಿಲ ಗೋಡೆಯ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ ಕೂತು, ಗಂಜಿಯ ಬಟ್ಟಲು ಮಂಡಿಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದ. ಒಂದು ಅಗುಳೂ ಚೆಲ್ಲಿರಲಿಲ್ಲ.

ಅವಳನ್ನು ಕಂಡು ಅವನು ಕಳ್ಳತನದಲ್ಲಿ ಸಿಕ್ಕವನಂತೆ ಬಟ್ಟಲು ಕೆಳಗಿಟ್ಟ. ಇವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. "ನಾನು ಸತ್ತೇ ಹೋದೆ ಅಂತ ಮಾಡಿದ್ಯನಾ? ಹೊಟ್ಟೆಗಾಗಿ ಆ ಕೈ ಬಾಯಿಗೆ ಹಾಕ್ದ್ಯಾ? ಅದು ಎಂತಕ್ಕಿರೂ ಕೈ ಹೇಳಿ ಗೊತ್ತಿಲ್ವಾ ನಿಂಗೆ? ಮನುಷ್ಯರು ಉಣ್ಣೂದಾ ಅದರಲ್ಲಿ?" ಎಂದಳು. ಒಲೆಯ ಬೂದಿ ತಂದು, ಅವನ ಎಡಗೈಯನ್ನು ಬೆರಳು ಬೆರಳಾಗಿ ಉಜ್ಜಿ, ನೀರು ಹೊಯ್ದು, ಮತ್ತೆ ಉಜ್ಜಿದಳು. ಹೇಸಿಗೆ ಮೆತ್ತಿದ ಪಾತ್ರೆ ತಿಕ್ಕಿದ ಹಾಗೆ. ಆಮೇಲೆ ಬೇರೆ ಗಂಜಿ ತರಿಸಿ ತಾನೇ ಉಣಿಸಿದಳು. ಅವನು ತಲೆ ತಗ್ಗಿಸಿಕೊಂಡು ಉಂಡ. ಆ ಗಳಿಗೆಯಿಂದ ಅವನು ಆ ಕೈಯನ್ನು ಎಲೆಯ ಹತ್ತಿರ ತಂದದ್ದನ್ನು ಯಾರೂ ಕಾಣಲಿಲ್ಲ.

ಅವನ ಹೆಂಡತಿ ಗಣಪಿ ಆಗೀಗ ಕೂಸನ್ನು ಕಟ್ಟಿಕೊಂಡು ಹೊಳೆ ದಾಟಿ ಬರುತ್ತಿದ್ದಳು. ಸಣಕಲು ಹೆಂಗಸು, ಮಾತು ಕಡಿಮೆ. ಗೇಣಿಯ ಗದ್ದೆ, ಮೇಲೆ ಕೂಲಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಗಂಡನಿಗೆ ಮಾಸ್ತಮ್ಮ ಉಣಿಸುವುದನ್ನು ಕಂಬಕ್ಕೆ ಒರಗಿ ನೋಡುತ್ತ ನಿಂತವಳು ಒಂದು ದಿನ ಮೆಲ್ಲಗೆ ಕೇಳಿದಳು:

"ನರ್ಸಮ್ಮ, ಮನೆಗೆ ಬಂದಮೇಲೆ ಇವರಿಗೆ ಯಾರು ಉಣ್ಸೂದು? ನಾನು ನಸುಕಿಗೆ ಗದ್ದೆಗೆ ಹೋದ್ರೆ ಬರೂದು ಕತ್ಲೆಗೆ. ಪುಣೆಯಲ್ಲಿ ಕಲ್ತಿದ್ರಂತಲ್ಲ, ತಾವೇ ಉಣ್ಣೂಕೆ..."

ಮಾಸ್ತಮ್ಮನಿಗೆ ಎಲ್ಲಿತ್ತೋ ಸಿಟ್ಟು. "ದೇಶಕ್ಕೆ ಕೈ ಕೊಟ್ಟು ಬಂದ ಗಂಡನಿಗೆ ನಾಲ್ಕು ತುತ್ತು ಹಾಕೂಕೆ ಪುರಸೊತ್ತಿಲ್ವಾ ನಿಂಗೆ? ಎಂಥಾ ಹೆಂಗ್ಸೆ ನೀನು!" ಎಂದು ಸಾಲಿಗೆ ಸಾಲೇ ಕೇಳುವ ಹಾಗೆ ಅಂದಳು. ಗಣಪಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಬಿಡಲಿಲ್ಲ. ಮನೆಗೆ ಬಂದು ಆಡಿದೆ: "ನೀನು ಸಂಬಳಕ್ಕೆ ಉಣಿಸ್ತೆ, ಗಣಪಿ ಕೂಲಿ ಬಿಟ್ಟು ಉಣಿಸ್ಬೇಕು. ಅಂವ ಕೂಸಲ್ಲ ಮಾಸ್ತಮ್ಮ. ನೀನು ಕೂಸು ಮಾಡಿ ಇಟ್ಟಿದ್ದೆ." ಅವಳು ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮೀನು ಬೇಕಾಯಿತು, ಮಾತು ಬಂತು.

ಯುದ್ಧ ಮುಗಿಯಿತು. ೧೯೪೬ರ ಮಳೆಗಾಲಕ್ಕೆ ಮೊದಲು ವಖಾರಿಯ ಯಜಮಾನರು ತಮ್ಮ ಜಾಗ ತಮಗೆ ಬೇಕು ಎಂದರು. ವ್ಯಾಪಾರಸ್ಥರ ಉತ್ಸಾಹವೂ ಇಳಿದಿತ್ತು. ಎಲ್ಲರೂ ಹೊರಟರು. ಲಿಂಗಪ್ಪ ಹೋಗುವಾಗ ಮಾಸ್ತಮ್ಮನಿಗೆ ಸಲಾಮು ಹೊಡೆದ. ಮಾದೇವ ಅವಳ ಕಾಲು ಮುಟ್ಟಿದ. ದೇವುವನ್ನು ಕರೆದೊಯ್ಯಲು ಗಣಪಿ ಬಂದಿದ್ದಳು. ಮಾಸ್ತಮ್ಮ ಅವನಿಗೆ ಕೊನೆಯ ಊಟ ಉಣಿಸಿ, ಬಾಯಿ ಒರೆಸಿ, ಗಣಪಿಗೆ ಹೇಳಿದಳು, "ಅನ್ನ ಮೆತ್ತಗಿರಲಿ. ಮುಳ್ಳು ನೋಡಿ ತೆಗಿ." ಗಣಪಿ "ಆತು" ಎಂದಳು. ಇನ್ನೇನು ಹೇಳುತ್ತಾಳೆ?

ಆಮೇಲೆ ಮಾಸ್ತಮ್ಮ ಹೊನ್ನಾವರದ ಒಂದು ದವಾಖಾನೆಗೆ ಸೇರಿದಳು. ಬಾಣಂತಿಯರು, ಜ್ವರದವರು, ಹುಣ್ಣಿನ ಮಕ್ಕಳು. ಕೆಲಸದಲ್ಲಿ ಕುಂದಿಲ್ಲ, ಮನಸ್ಸು ಮಾತ್ರ ಅಲ್ಲಿ ಅಂಟಲಿಲ್ಲ. ರಜೆಗೆ ನಮ್ಮ ಮನೆಗೆ ಬಂದಾಗಲೆಲ್ಲ ದಂಡಿನವರದೇ ಸುದ್ದಿ. ಲಿಂಗಪ್ಪನೋರು ಹ್ಯಾಂಗಿದ್ದಾರೋ, ಮಾದೇವನಿಗೆ ನಿದ್ದೆ ಬರುತ್ತದೋ ಇಲ್ಲವೋ. ದೇವುವಿನ ಹೆಸರು ಮಾತ್ರ ಕಡೆಗೆ ಬರುವುದು, ಬಂದಮೇಲೆ ಬೇರೆ ಹೆಸರು ಬರುವುದಿಲ್ಲ. "ಹೋಗಿ ನೋಡ್ಕಂಡು ಬಾ" ಎಂದರೆ, "ಗಣಪಿ ಎಂತ ತಿಳ್ಕಂಡೀತು" ಎನ್ನುವಳು. ತನ್ನ ಮಾತಿನ ಪೆಟ್ಟು ಎಲ್ಲಿ ಬಿದ್ದಿದೆ ಎಂಬ ಅರಿವು ಒಳಗೆ ಇತ್ತೆಂದು ಕಾಣುತ್ತದೆ.

೧೯೪೯ರಲ್ಲಿ ಒಂದು ದಿನ ಮಾದೇವ ನಮ್ಮ ಮನೆಗೆ ಬಂದ. ಅವನಿಗೆ ಈಗ ಲಾರಿ ಕಂಪನಿಯಲ್ಲಿ ಕೆಲಸ, ಮೈ ತುಂಬಿಕೊಂಡಿದ್ದ. ಮಾಸ್ತಮ್ಮನೂ ಮನೆಯಲ್ಲಿದ್ದಳು. ಆ ಮಾತು ಈ ಮಾತು ಆಡುತ್ತ, "ದೇವುನ್ನ ನೋಡಿದ್ಯಾ?" ಎಂದು ಅವಳು ಕೇಳಿದ್ದೇ ತಡ ಮಾದೇವ ಲೋಟ ಕೆಳಗಿಟ್ಟ.

"ನೋಡ್ದೆ ಅಕ್ಕಾ. ಗುರ್ತ ಸಿಕ್ಕಲಿಲ್ಲ. ಎಲುಬು ಮಾತ್ರ ಉಳ್ದದೆ. ದಂಡಿನಲ್ಲಿದ್ದಂವ ಅಂತ ಜಂಗಲ್ ಖಾತೆಯವರು ನಾಕೆಯ ಗೇಟಿನಲ್ಲಿ ಕಾವಲು ಕೆಲಸ ಕೊಟ್ಟಿದ್ರು. ಒಂದು ವಾರ ಮಾಡ್ದ, ಬಿಟ್ಟ. ಮಧ್ಯಾಹ್ನ ಅಲ್ಲಿ ಉಣ್ಸೋರು ಯಾರು? ಕಟ್ಕಂಡು ಹೋದ ಬುತ್ತಿ ಹಂಗೇ ವಾಪಸು ತರ್ತಿದ್ನಂತೆ. ಒಂದು ದಿನ ಹಸಿವೆಯಿಂದ ಗೇಟಿನ ಹತ್ರ ಬಿದ್ದನಂತೆ."

ಮಾಸ್ತಮ್ಮ ಎದ್ದು ಅವನ ಲೋಟ ಒಳಗೆ ತೆಗೆದುಕೊಂಡು ಹೋದಳು. ಮರುದಿನ ನನಗೆ ಹೇಳಿದಳು, "ಅತ್ತಿಗೆ, ನೀನೂ ಬಾ. ಒಬ್ಬಳೇ ಹೋಗೂಕೆ ನಂಗೆ ಧೈರ್ಯ ಇಲ್ಲ." ಗರ್ನಾಲಿನವನ ಕೈ ಹಿಡಿದವಳ ಬಾಯಲ್ಲಿ ಈ ಮಾತು ಕೇಳಿ ನನಗೆ ಹೇಗೋ ಆಯಿತು. ಹೊಳೆಯ ತನಕ ಮೋಟಾರಿನಲ್ಲಿ, ಆಚೆಗೆ ತಾರಿ ದೋಣಿಯಲ್ಲಿ, ಅಲ್ಲಿಂದ ಬಿಸಿಲಲ್ಲಿ ನಡೆದು ಹಿರೇಗುತ್ತಿ ಮುಟ್ಟುವಾಗ ಊಟದ ಹೊತ್ತು. ದಾರಿಯುದ್ದಕ್ಕೂ ಅವಳು ಹೇಳುತ್ತ ಬಂದಳು, ತಾನು ಏನು ಮಾಡುತ್ತೇನೆ, ಹೇಗೆ ಕಲಿಸುತ್ತೇನೆ, ಪುಣೆಯ ಬಿಳಿ ನರ್ಸು ಕಲಿಸಿದ್ದನ್ನು ಮತ್ತೆ ಮೊದಲಿನಿಂದ. "ಎಡಗೈ ಏನು ಮರ್ತು ಹೋಗ್ತದಾ? ನಾನೇ ಮರೆಸಿದ್ದು, ನಾನೇ ನೆನಪು ಮಾಡಿ ಕೊಡ್ತೆ."

ದೇವು ಜಗುಲಿಯ ಮೇಲೆ ಕೂತಿದ್ದ. ಮಾದೇವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮನ್ನು ಕಂಡು ಧಡಪಡಿಸಿ ಎದ್ದ. "ಮಾಸ್ತಕ್ಕಾ!" ಎಂದ. ಆ ನಗೆ ಮಾತ್ರ ಹಳೆಯದೇ. ಅಮ್ಮ ಸತ್ತು ಎರಡು ವರ್ಷವಾಯಿತು ಎಂದ, ಗಣಪಿ ಗದ್ದೆಗೆ ಹೋಗಿದ್ದಾಳೆ ಎಂದ. ಅಷ್ಟರಲ್ಲಿ ಅಂಗಳದಾಚೆಯಿಂದ ಒಂದು ಹುಡುಗಿ ಓಡಿ ಬಂತು. ಆಗಿನ ಹಾಲುಕೂಸು, ನಾಗಿ. ಐದಾರು ವರ್ಷ ಇರಬಹುದು. ಏದುಸಿರು ಬಿಡುತ್ತ ಕೈ ತೊಳೆದು, ಒಳಗಿನಿಂದ ತಾಟಿನಲ್ಲಿ ಅನ್ನ ತಂದು, ನಮ್ಮನ್ನು ಒಮ್ಮೆ ಓರೆಯಲ್ಲಿ ನೋಡಿ, ಅಪ್ಪನ ಮುಂದೆ ಕೂತು ಕಲಸಿತು. ಆ ಪುಟ್ಟ ಮುಷ್ಟಿಯಲ್ಲಿ ಎಷ್ಟು ಅನ್ನ ಹಿಡಿಯುತ್ತದೆ? ಅರ್ಧ ಅವನ ಬಾಯಿಗೆ, ಅರ್ಧ ಅವನ ಮಡಿಲಿಗೆ.

"ಬೇಗ ಬೇಗ ನುಂಗು ಅಪ್ಪಾ. ಮಂಜನ ಮನೆ ಹುಡುಗ್ರು ಎಲ್ಲಾ ಹೊಳೆಗೆ ಹೋಗ್ತಿದ್ದೊ" ಎಂದಿತು.

"ಶಾಲೆಗೆ ಹೋಗೂದಿಲ್ವಾ ನೀನು?" ನಾನು ಕೇಳಿದೆ.

"ಶಾಲೆಗೆ ಹೋದ್ರೆ ಅಪ್ಪಂಗೆ?" ಎಂದು ಅದು ನನಗೇ ತಿರುಗಿ ಕೇಳಿತು.

ನಾನು ಮಾಸ್ತಮ್ಮನ ಕಡೆ ನೋಡಲಿಲ್ಲ. ನೋಡುವುದಕ್ಕೆ ಆಗಲಿಲ್ಲ. ಅವಳು ಎದ್ದು ಒಳಗೆ ಹೋಗಿ, ತಾನೇ ಒಂದು ತಾಟಿಗೆ ಅನ್ನ ಹಾಕಿಕೊಂಡು ಬಂದು ದೇವುವಿನ ಮಗ್ಗುಲಲ್ಲಿ ಕೂತಳು. ಪಕ್ಕದ ಮನೆಯ ಹೆಂಗಸರಿಬ್ಬರು ಬೇಲಿಯ ಹತ್ತಿರ ಬಂದು ನಿಂತಿದ್ದರು. ಮಾಸ್ತಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯನ್ನು ಅನ್ನಕ್ಕೆ ಹಾಕಿ ಕಲಸಿ, ಒಂದು ತುತ್ತು ಮಾಡಿ ತಿಂದಳು. ಬೇಲಿಯ ಹತ್ತಿರದ ಹೆಂಗಸರಲ್ಲಿ ಒಬ್ಬಳು "ಅಯ್ಯಯ್ಯೋ" ಎಂದಳು.

"ನೋಡು ದೇವು, ನಾನು ಉಂಡೆ. ಎಂತ ಆತು? ಏನಾರೂ ಆತಾ? ಆವತ್ತು ನಾನು ಹೇಳಿದ್ದು ತಪ್ಪು. ನಂಗೆ ಬುದ್ಧಿ ಇರಲಿಲ್ಲ. ನಿನ್ನ ಕೈ ಒಳ್ಳೇ ಕೈ. ನೀನೂ ಹಾಕು ಕೈ, ಒಂದೇ ಒಂದು ತುತ್ತು."

ದೇವು ಅವಳ ಕೈಯನ್ನೇ ನೋಡುತ್ತಿದ್ದ. ಅವನ ಎಡಗೈ ಬೆನ್ನ ಹಿಂದಿನಿಂದ ಮುಂದೆ ಬಂದು ತಾಟಿನ ಅಂಚು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಅವನು ಮುಖ ಪಕ್ಕಕ್ಕೆ ಹೊರಳಿಸಿದ.

"ಆಗೂದಿಲ್ಲ ಮಾಸ್ತಕ್ಕ. ಗಣಪಿ ಅತ್ತು ಕರ್ದು ಎಲ್ಲಾ ಮಾಡಿ ನೋಡ್ತು. ಬಾಯಿ ಹತ್ರ ಬರೂದ್ರೊಳಗೆ ವಾಂತಿ ಬರ್ತದೆ ನಂಗೆ. ನೀವು ಎಡಗೈಲಿ ಉಂಡದ್ದು ನನ್ನ ಸಲುವಾಗಿ. ಮನೆಗೆ ಹೋದ್ರೆ ನಿಮಗೆ ಬಲಗೈ ಅದೆ."

ಅವಳು ಬಿಡಲಿಲ್ಲ. ಬಿಡುವವಳಾಗಿದ್ದರೆ ಅವಳು ಮಾಸ್ತಮ್ಮನೇ ಅಲ್ಲ. ಎಡಗೈಯಲ್ಲೇ ಒಂದು ತುತ್ತು ಕಟ್ಟಿ ಅವನ ಬಾಯಿಯ ಹತ್ತಿರ ಹಿಡಿದಳು. "ನನ್ನ ಕೈಯಿಂದ ಉಣ್ತೆ ಅಲ್ದಾ? ತಕ, ಇದೂ ನನ್ನದೇ ಕೈ. ಬಾಯಿ ತೆರಿ ತಮ್ಮಾ."

ಒಂದೂವರೆ ವರ್ಷ ಆ ಮಾತಿಗೆ ತೆರೆದ ಬಾಯಿ. ಅವನು ತುಟಿ ಬಿಗಿದು ತಲೆ ಅಲ್ಲಾಡಿಸಿದ. ಅವಳ ಕೈ ಹಾಗೇ ಚಾಚಿಕೊಂಡಿತ್ತು, ಬೆರಳ ಸಂದಿಯಿಂದ ಸಾರು ಇಳಿಯುತ್ತಿತ್ತು. ಹಸಿದಿದ್ದ ನಾಗಿ ಇಬ್ಬರ ಮುಖವನ್ನೂ ನೋಡಿ, ಬಗ್ಗಿ, ಆ ತುತ್ತನ್ನು ತಾನೇ ಗುಳುಂ ಮಾಡಿ ಕಿಲಕಿಲ ನಕ್ಕಿತು.

"ಉಗಿ!" ದೇವು ಕೂಗಿದ. ಅಂಥ ಸ್ವರ ಅವನ ಬಾಯಿಂದ ನಾನು ಕೇಳಿರಲಿಲ್ಲ. "ಉಗಿಯೇ ಅದನ್ನ! ಹೊಲಸು! ಉಗೀತ್ಯಾ ಇಲ್ವಾ?"

ಹುಡುಗಿ ಬೆದರಿ ಬಾಯಲ್ಲಿದ್ದದ್ದನ್ನು ಜಗುಲಿಯ ಕೆಳಗೆ ಉಗುಳಿ, ಬೋರೆಂದು ಅಳತೊಡಗಿತು.

ಮಾಸ್ತಮ್ಮ ಎದ್ದಳು. ಕೈ ತೊಳೆದುಕೊಂಡಳು. ಹುಡುಗಿಯ ಬಾಯಿ ತೊಳೆಸಿ, "ನೀನು ಆಡೂಕೆ ಹೋಗು ಪುಟ್ಟಿ" ಎಂದು ಕಳಿಸಿದಳು. ಆಮೇಲೆ ದೇವುವಿನ ಮುಂದೆ ಕೂತು ಬಲಗೈಯಿಂದ ಕಲಸಿ ತಾಟಿನ ಅನ್ನವನ್ನೆಲ್ಲ ಉಣಿಸಿದಳು. ಅವನು ಹಸಿದ ಕರುವಿನಂತೆ ಉಂಡ. ಕಣ್ಣಿಂದ ನೀರು ಸುರಿಯುತ್ತಿತ್ತು, ಅವನಿಗೂ ಅವಳಿಗೂ. ಗಣಪಿ ಬರುವ ತನಕ ನಿಲ್ಲೋಣ ಎಂದೆ. ಅವಳು ಒಪ್ಪಲಿಲ್ಲ. ಆ ಹೆಂಗಸಿನ ಎದುರು ನಿಲ್ಲುವ ಮುಖ ತನಗಿಲ್ಲ ಎಂದಳು.

ತಾರಿಯ ಹತ್ತಿರ ದೋಣಿ ಆಚೆ ದಡದಲ್ಲಿತ್ತು. ಕಾಯುತ್ತ ಕೂತೆವು. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಅತ್ತಿಗೆ," ಎಂದಳು, "ದಂಡಿನವರು ಅವನ ಒಂದು ಕೈ ತೆಗೆದು ಒಂದನ್ನ ಉಳಿಸಿ ಕಳಿಸಿದ್ರು. ಉಳಿದದ್ದನ್ನ ನಾನು 'ತಮ್ಮಾ ತಮ್ಮಾ' ಹೇಳ್ತಾ ಕಡಿದು ಹಾಕ್ದೆ. ಹೌದಲ್ವಾ?"

ಅಲ್ಲ ಎನ್ನಬೇಕಿತ್ತು ನಾನು. ಇಡೀ ಜನ್ಮ ಅವಳಿಗೆ ಎದುರಾಡಿದವಳು, ಅವಳಿಗೆ ಎದುರಾಡಬೇಕಾಗಿದ್ದ ಆ ಒಂದು ಸಲ ನನಗೆ ಮಾತೇ ಬರಲಿಲ್ಲ.